ಹುದುಗು

ಟೆಫ್ ಅಂದರೆ ಸಾಸಿವೆಗಿಂತ ಸಣ್ಣ ಕಾಳು,
ಕೈಜಾರಿ ಬಿದ್ದರೆ ಹುಡುಕುವ ಹಾಗಿಲ್ಲ.
ಅದರ ಹಿಟ್ಟು ಮ್ಯಾಡ್ರಿಡ್ಡಿನಿಂದ ಅಂಚೆಯಲ್ಲಿ ಬಂತು,
ಕಿಲೋಗೆ ನಮ್ಮೂರ ಮೀನಿಗಿಂತ ದುಬಾರಿ.
ಈ ಊರಿಗೆ ಅಂಚೆಯವಳು ನಾನೇ.
ನನ್ನ ಪೊಟ್ಟಣ ನಾನೇ ಹೊತ್ತು ದಿಬ್ಬ ಹತ್ತಿ
ನನ್ನ ಬಾಗಿಲು ತಟ್ಟಿ, ನಾನೇ ರುಜು ಹಾಕಿದೆ.

ನಮ್ಮ ಮನೆಯ ನಾಲಿಗೆಗಳ ಕಥೆ ಕೇಳಿ:
ಬ್ರಾಯ್ಸ್‌ಗೆ ಕರಿಮೆಣಸೂ ಖಾರ.
ಮಗ ಉಷಿಯೊ ಆಲೂಗಡ್ಡೆಗೂ ಬಟಾಣಿಗೂ ನಡುವೆ
ಚಮಚದಲ್ಲಿ ಗಡಿ ಹಾಕುತ್ತಾನೆ;
ಒಂದರ ರಸ ಇನ್ನೊಂದಕ್ಕೆ ತಾಗಿತೋ, ಅವತ್ತು ಉಪವಾಸ.
ಅತ್ತೆ ದೊಸಿಂದಾ ಮೊದಲು ಮೂಸುತ್ತಾರೆ, ಆಮೇಲೆ ಕೂರುತ್ತಾರೆ.
ಇವರ ನಡುವೆ ಏಳು ವರ್ಷದ ಮೆಕ್ಲಿತ್,
ಆಡಿಸ್ ಅಬಾಬಾದಿಂದ ಬಂದು ಐದು ತಿಂಗಳು.
ಬಡಿಸಿದ್ದೆಲ್ಲ ತಿನ್ನುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ.
ನನಗೆ ದಿಗಿಲಾದದ್ದು ಅದಕ್ಕೇ.
ಈ ಮನೆಯಲ್ಲಿ ಬೇಡ ಅನ್ನದವಳು
ಅವಳೊಬ್ಬಳೇ.

ವಿಗೋದಲ್ಲಿ ಜಡೆ ಹೆಣೆಯುವ ಅಂಗಡಿ ಇಟ್ಟ ವೊಯ್ನಿತು
ಯಾರದೋ ತಲೆ ಕೈಯಲ್ಲಿ ಹಿಡಿದೇ ಫೋನಿನಲ್ಲಿ ಪಾಠ ಹೇಳಿದಳು:
ಕಲಸು, ಮುಚ್ಚು, ಮೂರು ದಿನ ಮರೆತುಬಿಡು.
ಮರೆಯುವುದು ಹೇಗೆ? ರಾತ್ರಿಗೆ ನಾಲ್ಕು ಸಲ ಎದ್ದು ನೋಡಿದೆ.
ಕಡಲ ಥಂಡಿಗೆ ಹಿಟ್ಟು ಮಿಸುಕಲಿಲ್ಲ.
ಬ್ರಾಯ್ಸ್‌ನ ಉಣ್ಣೆಯಂಗಿ ಹೊದಿಸಿ ಬಾಯ್ಲರ್ ಪಕ್ಕ ಮಲಗಿಸಿದೆ.
ಆಗ ಹುಳಿ ಎದ್ದಿತು, ಮನೆಯೂ ಎದ್ದಿತು.
ದೊಸಿಂದಾ ಮೂಗು ಮುಚ್ಚಿ ಕಡಲ ಕಡೆಯ ಕಿಟಕಿ ಹಾರುಹೊಡೆದರು.
ಹಿಟ್ಟು ಮತ್ತೆ ತಣ್ಣಗೆ.

ಮೊದಲ ಶನಿವಾರದ್ದು ಕಾವಲಿಗೆ ಅಂಟಿ ಚಿಂದಿಯಾಯಿತು.
ಎರಡನೆಯದು ಬರೀ ಚರ್ಮ. ಬೂಟು ಹೊಲಿಯಬಹುದಿತ್ತು.
ಹಬ್ಬಕ್ಕೆ ಕರವಸ್ತ್ರದಷ್ಟು ತೆಳ್ಳಗೆ ಫಿಯೋವಾ ಹೊಯ್ಯುವ ಅತ್ತೆ
ಮೂಸಿ ನೋಡಿ, "ಹಳಸಿದ ಫಿಯೋವಾ" ಎಂದು ತೀರ್ಪು ಕೊಟ್ಟರು.
ಮೆಕ್ಲಿತ್ ಚಿಂದಿಯನ್ನೂ ತಿಂದಳು, ಚರ್ಮವನ್ನೂ ತಿಂದಳು.
ತಟ್ಟೆ ತೊಳೆದಿಟ್ಟಳು.
ಅವಳೊಳಗೆ ಏನು ಹುದುಗಿದೆಯೋ,
ಮುಚ್ಚಳ ತೆಗೆದು ನೋಡುವ ಹಾಗಿಲ್ಲ.

ಮೂರನೆಯ ಶನಿವಾರ ಬೆರ್ಬೆರೆ ಹಾಕಿ ಕೆಂಪು ಬೇಳೆ ಬೇಯಿಸಿದೆ.
ಬ್ರಾಯ್ಸ್ ಕೆಮ್ಮುತ್ತ ಹಿತ್ತಲಿಗೆ ಓಡಿದ.
ಮೆಕ್ಲಿತ್ ತುಂಡೊಂದು ಹರಿದು ದೀಪಕ್ಕೆ ಹಿಡಿದಳು,
ಮಡಿಸಿದಳು, ಕೆಳಗಿಟ್ಟಳು,
ಎರಡು ಬೆರಳಲ್ಲಿ ತಟ್ಟೆಯನ್ನು ಆಚೆ ತಳ್ಳಿದಳು.
"ಇದಕ್ಕೆ ಕಣ್ಣಿಲ್ಲ."
ಸ್ವಲ್ಪ ಹೊತ್ತು ಬಿಟ್ಟು,
"ನಮ್ಮದಕ್ಕೆ ತುಂಬ ಕಣ್ಣಿರುತ್ತಿತ್ತು."

ನಾನು ಒಲೆಯ ಕಡೆ ತಿರುಗಿ ನಿಂತೆ.
ಬೇಡ ಅಂದಳು!
ತಟ್ಟೆ ತೊಳೆಯದೆ ಎದ್ದು ಹೋದಳು!
ಐದು ತಿಂಗಳಲ್ಲಿ ಮೊದಲ ಎಂಜಲು ತಟ್ಟೆ;
ಬೆಳಗಿನ ತನಕ ಅದನ್ನು ಅಲ್ಲೇ ಬಿಟ್ಟೆ.

ವೊಯ್ನಿತು ನಕ್ಕಳು. ಫಿಯೋವಾದ ಹಾಗೆ ನಡುವಿನಿಂದ ಹೊಯ್ದೆಯಾ?
ಅಂಚಿನಿಂದ ಶುರು ಮಾಡು, ಸುತ್ತಿ ಸುತ್ತಿ ಒಳಗೆ ಬಾ.
ತಿರುವಿ ಹಾಕಬೇಡ. ಮುಚ್ಚಿ ಸುಮ್ಮನೆ ನಿಲ್ಲು.
ಎಷ್ಟು ಹೊತ್ತು ಅಂದೆ. ಅದೇ ಹೇಳುತ್ತೆ ಅಂದಳು.

ನಾಲ್ಕನೆಯ ಸಲ ಮೆಕ್ಲಿತ್ ಸ್ಟೂಲು ಎಳೆದುಕೊಂಡು ಬಂದು
ಪಾತ್ರೆಗೆ ಕಿವಿಯಿಟ್ಟಳು. ಒಳಗೆ ಸಣ್ಣಗೆ ಗುಳುಗುಳು.
ಜಗ್ಗು ಎತ್ತಿದೆ. "ಎಡಗೈ" ಅಂದಳು.
"ಅವಳು ಎಡಗೈಲಿ ಹೊಯ್ಯುತ್ತಿದ್ದಳು."
ಯಾರು, ಎಂದು ನಾಲಿಗೆಯ ತುದಿಗೆ ಬಂತು. ನುಂಗಿದೆ.
ಕೈ ಬದಲಿಸಿದೆ. ವೃತ್ತ ಸೊಟ್ಟಗಾಯಿತು, ಯಾವುದೋ ದ್ವೀಪದ ನಕ್ಷೆ.
ಮುಚ್ಚುವ ಮೊದಲೇ ಒಂದು ಕಣ್ಣು ಬಿಟ್ಟಿತು,
ಆಮೇಲೆ ನೂರು.

ಒಂದೂವರೆ ತಿಂದಳು. ಬೇಳೆ ಮುಟ್ಟಲಿಲ್ಲ,
ರಸ ತಾಗಿದೆಯಂತೆ. ಉಷಿಯೊ ಗಂಭೀರವಾಗಿ ತಲೆಯಾಡಿಸಿದ,
ಅವಳಿಗೆ ತನ್ನ ಹುರಿದ ಆಲೂಗಡ್ಡೆ ದಾಟಿಸಿದ.
ಅದನ್ನೂ ಕಣ್ಣುಗಳಲ್ಲಿ ಸುತ್ತಿ ತಿಂದಳು.

ಮುಂದಿನ ವಾರಕ್ಕೆಂದು ಒಂದು ಲೋಟ ಹಿಟ್ಟು ಎತ್ತಿಟ್ಟು
ಉಣ್ಣೆಯಂಗಿಯ ತೋಳು ಸುತ್ತಿದೆ.
ರಾತ್ರಿ ನೀರಿಗೆಂದು ಎದ್ದಾಗ
ಅಡುಗೆಮನೆಯಲ್ಲಿ ದೊಸಿಂದಾ, ಕತ್ತಲಲ್ಲಿ, ಬರಿಗಾಲಲ್ಲಿ.
ಲೋಟ ಮೂಸಿದರು. ಮುಖ ಸಿಂಡರಿಸಿದರು.
ಆಮೇಲೆ ಹೋಗಿ
ಕಡಲ ಕಡೆಯ ಕಿಟಕಿ ಮುಚ್ಚಿದರು.